ಸಾವ್ಕಾರ ಎದ್ದಾನ

ಬಲಗೈ ಗುಂಡಿ ಹಾಕುತ್ತಿತ್ತು. ಎಡಗೈ ಬಿಚ್ಚುತ್ತಿತ್ತು.

ಬೆಳಗಿನ ಎಂಟೂವರೆ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದ. ನಾನು ಚಹಾ ತಂದಾಗ ಮೇಲಿನ ಮೂರು ಗುಂಡಿ ಹಾಕಿ ಆಗಿತ್ತು. ನೋಡನೋಡುತ್ತಲೇ ಎಡಗೈ ಮೆಲ್ಲಗೆ ಮೇಲೇರಿ ಬಂತು. ಹೆಬ್ಬೆರಳು ತೋರುಬೆರಳು ಸೇರಿಸಿ ಎರಡನೇ ಗುಂಡಿಯನ್ನು ಕಾಜಿನಿಂದ ಹೊರಗೆ ದಾಟಿಸಿತು. ನಡುಕ ಇಲ್ಲ, ಅವಸರ ಇಲ್ಲ. ದರ್ಜಿಯ ಕೈ ಇದ್ದಂತೆ ಇತ್ತು. ಅಪ್ಪ ಬಲಗೈಯಿಂದ ಅದರ ಮಣಿಕಟ್ಟು ಹಿಡಿದು ಕೆಳಗೆ ಒತ್ತಿದ.

"ನಾ ಅಲ್ಲವ್ವಾ. ಕೈ ಮಾಡ್ಲತ್ತದ."

ಈ ಮಾತನ್ನು ಹದಿನೈದು ದಿನದಿಂದ ಹೇಳುತ್ತಿದ್ದ. ಮನೆಯಲ್ಲಿ ಒಬ್ಬರೂ ನಂಬಿರಲಿಲ್ಲ. ಅವತ್ತು ನಾನು ಕೂಡ, "ಲೇಟ್ ಆಗ್ಲತ್ತದ ಅಪ್ಪಾ, ಸುಮ್ನೆ ನಿಂದ್ರು," ಅಂತ ಗದರಿಸಿ ನಾನೇ ಗುಂಡಿ ಹಾಕಿದೆ.

ಅಪ್ಪ ಗಂಜ್‌ನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಒಂದು ಅಡತಿ ಅಂಗಡಿಯ ಮುನೀಮನಾಗಿದ್ದವನು. 34 ವರ್ಷ ತೊಗರಿಯ ಲೆಕ್ಕ ಬರೆದವನು. ತಿಂಗಳ ಹಿಂದೆ ಬಚ್ಚಲಿನಿಂದ ಹೊರಗೆ ಬರುವಾಗ ಎಡಗಾಲು ಎಳೆದಂತಾಯಿತು. ಲಕ್ವಾ ಅಂದರೆ ಬಾಯಿ ಸೊಟ್ಟಗಾಗಬೇಕು, ಮಾತು ತೊದಲಬೇಕು ಅನ್ನೋದು ನಮ್ಮ ತಿಳಿವಳಿಕೆ. ಅಪ್ಪನ ಬಾಯಿ ನೆಟ್ಟಗಿತ್ತು, ಮಾತೂ ನೆಟ್ಟಗಿತ್ತು. ಹತ್ತಿರದ ದವಾಖಾನೆಯಲ್ಲಿ ಅವತ್ತೇ ಸಿಟಿ ಸ್ಕ್ಯಾನ್ ಮಾಡಿ ಏನೂ ಕಾಣುತ್ತಿಲ್ಲ ಅಂದರು. ಬಿಪಿ ಜಾಸ್ತಿ ಇತ್ತು. ನಾಲ್ಕು ದಿನ ಇಟ್ಟುಕೊಂಡು, ಕೈಯಲ್ಲಿ ಕೋಲು ಕೊಟ್ಟು ಮನೆಗೆ ಕಳಿಸಿದರು. ಕಾಲು ದಿನದಿಂದ ದಿನಕ್ಕೆ ಸುಧಾರಿಸಿತು. ಕೈಯ ತಂಟೆ ಶುರುವಾದದ್ದು ಆಮೇಲೆ.

ಫ್ಯಾನ್ ಹಾಕಿದರೆ ಆರಿಸುವುದು. ಪೇಪರಿನ ಪುಟ ತಿರುವಿದರೆ ಹಿಂದಕ್ಕೆ ತಿರುವುವುದು. ಬಾಗಿಲು ದಾಟುವಾಗ ಚಿಲಕ ಹಿಡಿದುಕೊಂಡು ಬಿಡದಿರುವುದು. ಇವನ್ನೆಲ್ಲ ನಾವು ನಕ್ಕು ಬಿಟ್ಟೆವು. ಊಟದ್ದು ಮಾತ್ರ ಹಾಗೆ ಬಿಡುವಂಥದ್ದಾಗಿರಲಿಲ್ಲ. ಅವ್ವ ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತಾಳೆ, ಬಲಗೈ ಮುರಿಯುತ್ತದೆ, ಎಡಗೈ ಬಂದು ತಟ್ಟೆಯನ್ನೇ ಮುಂದಕ್ಕೆ ನೂಕುತ್ತದೆ. ಒಮ್ಮೆ ಅಲ್ಲ, ಮೂರು ಸಲ. "ರೊಟ್ಟಿ ಬ್ಯಾಡಾದ್ರ ಬಾಯಿಲೆ ಹೇಳಬಾರ್ದಾ? ತಾಟ್ಯಾಕ ನೂಕ್ತಿ?" ಅಂತ ಅವ್ವ ಒಳಗೆ ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಗುವ ತನಕ ತಿರುಗಿಸಲಿಲ್ಲ. ನಲವತ್ತು ವರ್ಷದಲ್ಲಿ ಆ ಮನುಷ್ಯ ತಟ್ಟೆ ನೂಕಿದ್ದನ್ನು ಅವಳು ನೋಡಿರಲಿಲ್ಲ.

ಮೊದಲು ನೋಡಿದ ಡಾಕ್ಟರು, ಹೆಸರು ಬೇಡ, "ರಿಟೈರ್ ಆದವರಿಗೆ ಹೀಗಾಗುತ್ತದೆ, ಮನಸ್ಸಿಂದು," ಅಂದು ನಿದ್ದೆಗುಳಿಗೆ ಬರೆದರು. ಓಣಿಯವರು ಗಾಳಿ ಸೋಕಿದೆ, ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ಅಂದರು. ನಮ್ಮ ಕಡೆ ಇದು ಹೊಸದಲ್ಲ, ಗಾಳಿ ಹಿಡಿದವರು ಅಂದರೆ ದತ್ತನ ಸನ್ನಿಧಿಗೇ. ಹಿಂದಿನ ಗುರುವಾರ ಅವ್ವ ಕರೆದುಕೊಂಡು ಹೋದಳು. ಭೀಮಾ ಅಮರಜಾ ಸಂಗಮದಲ್ಲಿ ಮೈ ತೊಳೆಸಿ, ಗುಡಿಗೆ ಬಂದು, ಅಪ್ಪ ಬಲಗೈಯಿಂದ ತೆಂಗಿನಕಾಯಿ ಮುಂದೆ ಮಾಡಿದ್ದಾನೆ. ಅಯ್ಯನವರು ತೆಗೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಎಡಗೈ ಕಾಯಿಯ ಜುಟ್ಟು ಹಿಡಿದಿದೆ. "ಕೊಡ್ಲಾಕ ಮನಸಿಲ್ಲೇನ್ರಿ?" ಅಂತ ಅವರು ನಕ್ಕರಂತೆ. ಸಾಲಿನಲ್ಲಿದ್ದವರೂ ನಕ್ಕರಂತೆ. ಬಸ್ಸಿನಲ್ಲಿ ಬರುವಾಗ ಅಪ್ಪ ಎಡಗೈಯನ್ನು ತೊಡೆ ಕೆಳಗೆ ಹಾಕಿಕೊಂಡು ಕೂತಿದ್ದನಂತೆ.

ಈಗ ನರರೋಗದ ಡಾಕ್ಟರಿಗೆ ತೋರಿಸಲು ಆಟೋದಲ್ಲಿ ಹೊರಟಿದ್ದೆವು. ಜಗತ್ ವೃತ್ತ ದಾಟಿ ಇಳಿದೆವು. ಎಂಬತ್ತು ರೂಪಾಯಿ. ದುಡ್ಡು ತಾನೇ ಕೊಡುತ್ತೇನೆ ಅಂತ ಅಪ್ಪ ಹಟ ಹಿಡಿದ, ಮುನೀಮನ ಗತ್ತು. ಬಲಗೈ ನೂರರ ನೋಟು ಚಾಚಿತು. ಆಟೋದವನು ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಎಡಗೈ ಹಿಡಿಯಿತು.

"ಏ ಕಾಕಾ, ಮಜಾಕ್ ಮಾಡ್ಲತ್ತೀರೇನ್?"

ಅವನು ಎಳೆದ, ಕೈ ಬಿಡಲಿಲ್ಲ. ನೋಟು ಗಾಂಧಿಯವರ ಕನ್ನಡಕದ ಪಕ್ಕದಲ್ಲೇ ಹರಿಯಿತು. ನಾನು ಫೋನ್‌ಪೇ ಮಾಡಿ, "ಮಂದಿ ಮುಂದರ ಮಾನ ಕಳೀಬ್ಯಾಡ ಅಪ್ಪಾ," ಅಂದೆ. ಅವನು ಹರಿದ ಅರ್ಧ ನೋಟನ್ನು ಎಡಗೈಯಿಂದ ಬಿಡಿಸಿಕೊಳ್ಳುತ್ತ, ಒಂದೊಂದೇ ಬೆರಳು ಎತ್ತುತ್ತ ಇದ್ದ. ಉತ್ತರ ಕೊಡಲಿಲ್ಲ.

ಡಾಕ್ಟರ್ ಚಿಕ್ಕ ವಯಸ್ಸಿನವರು, ಬೀದರ್ ಕಡೆಯ ಹೆಣ್ಣುಮಗಳು. ನನ್ನನ್ನು ಕೇಳಲೇ ಇಲ್ಲ, ಅಪ್ಪನನ್ನು ಕೇಳಿದರು. "ಕೈ ಏನ್ ಮಾಡ್ತದ್ರಿ?" ಆ ಒಂದು ಪ್ರಶ್ನೆಗೆ ಅಪ್ಪ ಹತ್ತು ನಿಮಿಷ ಮಾತಾಡಿದ. ಹದಿನೈದು ದಿನದ ಲೆಕ್ಕ, ತಾರೀಖಿನ ಸಮೇತ.

ಆಮೇಲೆ ಕಣ್ಣು ಮುಚ್ಚಲು ಹೇಳಿದರು. ತಮ್ಮ ಸ್ಕೂಟಿಯ ಕೀಲಿಕೈಯನ್ನು ಎಡ ಅಂಗೈಯಲ್ಲಿಟ್ಟು, ಏನಿದು ಅಂತ ಕೇಳಿದರು. ಅಪ್ಪ ಯೋಚಿಸಿ "ಪೆನ್ನೇನ್ರಿ?" ಅಂದ. ಆದರೆ ಅವನು ಹಾಗನ್ನುವಾಗ ಎಡಗೈ ಆ ಕೀಲಿಕೈಯನ್ನು ಬೆರಳ ನಡುವೆ ಸರಿಯಾಗಿ ಹಿಡಿದು ಗಾಳಿಯಲ್ಲಿ ತಿರುವುತ್ತಿತ್ತು. ಬೀಗ ತೆಗೆಯುವ ಹಾಗೆ! ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಅದೇ ಕೀಲಿಕೈ ಬಲಗೈಗೆ ಹೋದ ಕೂಡಲೇ "ಅಯ್ಯ, ಕೀಲಿಕೈ ಅದ" ಅಂದ.

ಇನ್ನೊಂದು ಪರೀಕ್ಷೆ ಇತ್ತು. ಕಣ್ಣು ಮುಚ್ಚಿಸಿಯೇ ಅಪ್ಪನ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಅವನದೇ ಎಡಗೈಯನ್ನು ಅವನ ಬಲಗೈಯಲ್ಲಿ ಇಟ್ಟರು. "ಯಾರ ಕೈ ಹಿಡಿದೀರಿ?"

ಅಪ್ಪ ಬೆರಳು ಸವರಿ ನೋಡಿದ. ಉಗುರು, ಗೆಣ್ಣು, ಉಂಗುರ ಬೆರಳಿನ ಬುಡ.

"ನಿಮ್ದೇ ಇರಬೇಕ್ರಿ. ತಣ್ಣಗದ."

ಡಾಕ್ಟರ ಎರಡೂ ಕೈ ಆಗ ಮೇಜಿನ ಮೇಲಿದ್ದವು. ಬೆಳಗ್ಗೆ ಗದರಿಸಿದ್ದು ನನಗೆ ಗಂಟಲಲ್ಲಿ ಬಂದು ಕೂತಿತು. ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ವಾಪಸು ಬಂದಾಗ ಪ್ರಶ್ನೆ ನಡೆದಿದ್ದವು. ಒಮ್ಮಿಂದೊಮ್ಮೆಗೆ ಶುರುವಾಯ್ತಾ, ನಿಧಾನಕ್ಕಾ? ಕೈ ಬಿಗಿದು ಕೊರಡಿನ ಹಾಗಾಗಿದೆಯಾ? ಮರೆವು ವಾರವಾರಕ್ಕೆ ಏರುತ್ತಿದೆಯಾ? ತಲೆನೋವು, ವಾಂತಿ? ಎಂದಾದರೂ ಮೂರ್ಛೆ ರೋಗಕ್ಕೆ ತಲೆಯ ಆಪರೇಷನ್ ಆಗಿತ್ತಾ? ಸುಮ್ಮನೆ ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಒಂದೊಂದು ಪ್ರಶ್ನೆಯ ಹಿಂದೂ ಒಂದೊಂದು ರೋಗ ಇತ್ತಂತೆ. ನಿಧಾನಕ್ಕೆ ಬಿಗಿಯುತ್ತ ಬರುವುದಾದರೆ ಕಾರ್ಟಿಕೋಬೇಸಲ್ ಡಿಜನರೇಶನ್ ಅನ್ನುವ ಸವೆತದ ರೋಗ. ಬುದ್ಧಿ ವಾರಗಳಲ್ಲೇ ಕುಸಿದರೆ ಕ್ರೂಟ್ಸ್‌ಫೆಲ್ಟ್ ಯಾಕೋಬ್ ಅನ್ನುವ ಅಪರೂಪದ, ಕೆಟ್ಟ ರೋಗ. ತಲೆನೋವು, ವಾಂತಿ ಇದ್ದರೆ ಗಡ್ಡೆ ಇರಬಹುದು. ಅಪ್ಪನದು ಒಮ್ಮಿಂದೊಮ್ಮೆಗೆ ಬಂದದ್ದು, ಅದೂ ಕಾಲು ಎಳೆದ ಮೇಲೆ. ಹಾಗಾಗಿ ಅವರಿಗೆ ಲಕ್ವಾದ ಮೇಲೇ ಅನುಮಾನ. ಎಂಆರ್‌ಐ ಬರೆದರು.

ಎಂಆರ್‌ಐ ಕೋಣೆಯದ್ದು ಹೇಳದೆ ಹೋದರೆ ಆಗದು. ಒಳಗೆ ಮಲಗಿಸುವಾಗ, ಹೆದರಿಕೆಯಾದರೆ ಒತ್ತಿ ಅಂತ ಒಂದು ರಬ್ಬರ್ ಉಂಡೆ ಕೊಡುತ್ತಾರೆ. ಕೊಟ್ಟದ್ದು ಎಡಗೈಗೆ. ಶುರುವಾದ ಒಂದೇ ನಿಮಿಷಕ್ಕೆ ಗಂಟೆ ಬಾರಿಸಿತು. ಹುಡುಗ ಓಡಿ ಹೋದ. "ಏನಾಯ್ತ್ರಿ?" "ಏನಿಲ್ಲಪ್ಪಾ." ಮತ್ತೆ ಶುರು, ಮತ್ತೆ ಗಂಟೆ. ಮೂರನೇ ಸಲ ಅವನು ಸಿಟ್ಟಿನಿಂದ ಉಂಡೆಯನ್ನು ಬಲಗೈಗೆ ಬದಲಿಸಿದ. ಒಳಗಿನಿಂದ ಅಪ್ಪನ ದನಿ ಕೇಳಿಸಿತು: "ಸಾವ್ಕಾರ, ಗಪ್ ಕೂಡು." ನನಗೆ ಆಗ ಗೊತ್ತಾಗಲಿಲ್ಲ. ಅಪ್ಪ ಕೈಗೆ ಹೆಸರಿಟ್ಟು ವಾರವಾಗಿತ್ತಂತೆ. ಅಂಗಡಿಯ ಸಾವ್ಕಾರ ಹಮಾಲರ ಕೈಗೆ ಕೂಲಿ ಇಟ್ಟು, ಇನ್ನೊಮ್ಮೆ ಎಣಿಸುತ್ತೇನೆ ಅಂತ ವಾಪಸು ಕಸಿದುಕೊಳ್ಳುತ್ತಿದ್ದ. ಎಣಿಸಿ ಕೊಟ್ಟಾಗ ಒಂದು ನೋಟು ಕಡಿಮೆ.

ಸಂಜೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಲ ಮೆದುಳಿನ ಮುಂಭಾಗದಲ್ಲಿ, ಒಳಗಿನ ಗೋಡೆಗೆ ಹತ್ತಿಕೊಂಡು ಬಿಳಿ ಮಚ್ಚೆ. ಆಂಟೀರಿಯರ್ ಸೆರೆಬ್ರಲ್ ಅನ್ನುವ ರಕ್ತನಾಳ ಕಟ್ಟಿದ ಗುರುತು. ಆ ನಾಳ ಮುಖ್ಯವಾಗಿ ಕಾಲಿನ ಜಾಗಕ್ಕೆ ರಕ್ತ ಕೊಡುವುದರಿಂದ ಕಾಲು ಎಳೆಯಿತು, ಬಾಯಿ ನೆಟ್ಟಗೆ ಉಳಿಯಿತು. ಮೊದಲ ದಿನದ ಸಿಟಿಯಲ್ಲಿ ಇಂಥದ್ದು ಎಷ್ಟೋ ಸಲ ಕಾಣುವುದೇ ಇಲ್ಲವಂತೆ. ಮಚ್ಚೆ ಅಲ್ಲಿಗೇ ನಿಂತಿರಲಿಲ್ಲ, ನಡುವಿನ ಕಾರ್ಪಸ್ ಕಲೋಸಮ್‌ಗೂ ಇಳಿದಿತ್ತು. ಅದು ಎರಡು ಮೆದುಳಿನ ನಡುವಿನ ಸೇತುವೆ, ಸುಮಾರು 20 ಕೋಟಿ ನರದ ಎಳೆಗಳದ್ದು. ಮಾತು ಹೆಚ್ಚಿನವರಲ್ಲಿ ಎಡ ಮೆದುಳಿನ ಕೆಲಸ. ಎಡಗೈ ನಡೆಸುವುದು ಬಲ ಮೆದುಳು. ಸೇತುವೆ ಮುರಿದರೆ ಎಡಗೈಯ ಸುದ್ದಿ ಮಾತಿನ ಕಡೆ ದಾಟುವುದಿಲ್ಲ, ಇತ್ತಣ ಅಪ್ಪಣೆ ಅತ್ತ ಹೋಗುವುದಿಲ್ಲ. ಅದರ ಮೇಲೆ, ಮೆದುಳಿನ ಮುಂಭಾಗದ ಒಳಗೋಡೆ ಕೈಗೆ ಲಗಾಮು ಇದ್ದಂತೆ. ಅದು ಸಡಿಲಾದರೆ ಕಂಡದ್ದನ್ನೆಲ್ಲ ಕೈ ಹಿಡಿಯುತ್ತದೆ. ಹಿಡಿದದ್ದನ್ನು ಬಿಡುವುದಿಲ್ಲ.

ಅಪ್ಪ ಎಲ್ಲ ಕೇಳಿಸಿಕೊಂಡು, "ಅಂದ್ರ ಒಂದೇ ಅಂಗಡಿಗಿ ಇಬ್ರು ಮುನೀಮರು, ಮಾತಿಲ್ಲ ಕತಿಯಿಲ್ಲ. ಒಬ್ಬಂವ ಜಮಾ ಬರದ್ರ ಇನ್ನೊಬ್ಬಂವ ಖರ್ಚು ಬರೀತಾನ," ಅಂದ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ನಾನು ಇದರ ಬಗ್ಗೆ ಆಮೇಲೆ ಬಹಳ ಓದಿದೆ, ಇಷ್ಟು ಸಲೀಸಾಗಿ ಹೇಳಿದವರು ಸಿಗಲಿಲ್ಲ.

ರೋಗಕ್ಕೆ ಏಲಿಯನ್ ಹ್ಯಾಂಡ್ ಸಿಂಡ್ರೋಮ್ ಅಂತ ಹೆಸರು. ಆ ರಾತ್ರಿ ಮೊಬೈಲಿನಲ್ಲಿ ಹುಡುಕುತ್ತ ಕೂತೆ. 1908ರಲ್ಲೇ ಜರ್ಮನಿಯ ಕುರ್ಟ್ ಗೋಲ್ಡ್‌ಸ್ಟೈನ್ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದಾರೆ. ಅವಳ ಎಡಗೈ ಅವಳದೇ ಕುತ್ತಿಗೆ ಹಿಡಿದಿತ್ತು, ಎಳೆದು ಬಿಡಿಸಬೇಕಾಯಿತು. ಓದಿ ಮೈ ಜುಮ್ಮೆಂದಿತು, ಎದ್ದು ಹೋಗಿ ಅಪ್ಪ ಮಲಗಿದ್ದನ್ನು ನೋಡಿ ಬಂದೆ. ಬೆನ್ನ ಹಿಂದಿನ ಕೈಯ ಪರೀಕ್ಷೆ 1972ರದ್ದು, ಬ್ರಿಯೋನ್ ಮತ್ತು ಜೆಡಿನಾಕ್ ಅನ್ನುವ ಫ್ರಾನ್ಸಿನ ಇಬ್ಬರು ಡಾಕ್ಟರರದ್ದು. ಅಮೆರಿಕದಲ್ಲಿ ಮೂರ್ಛೆ ರೋಗ ತಡೆಯಲು ಈ ಸೇತುವೆಯನ್ನೇ ಕತ್ತರಿಸಿದ ರೋಗಿಗಳಲ್ಲೂ ಕೆಲವರಿಗೆ ಹೀಗಾಗಿತ್ತು. ಒಬ್ಬರು ಒಂದು ಕೈಯಲ್ಲಿ ಪ್ಯಾಂಟು ಏರಿಸಿದರೆ ಇನ್ನೊಂದು ಇಳಿಸುತ್ತಿತ್ತಂತೆ. ಅಂಥ ರೋಗಿಗಳ ಎರಡು ಮೆದುಳನ್ನು ಬೇರೆ ಬೇರೆಯಾಗಿ ಅಭ್ಯಾಸ ಮಾಡಿದ ರೋಜರ್ ಸ್ಪೆರ್ರಿಗೆ 1981ರಲ್ಲಿ ನೊಬೆಲ್ ಬಂತು. ಮೆದುಳಿನ ಹಿಂಭಾಗಕ್ಕೆ, ಪರೈಟಲ್ ಭಾಗಕ್ಕೆ ಪೆಟ್ಟಾದರೆ ಕೈ ಹಿಡಿಯುವುದಿಲ್ಲ, ಜಗಳಾಡುವುದಿಲ್ಲ, ತನ್ನಷ್ಟಕ್ಕೆ ಗಾಳಿಯಲ್ಲಿ ಮೇಲೇಳುತ್ತದೆ. ಅಂಥ ಒಬ್ಬರು ನಮ್ಮ ಓಣಿಯಲ್ಲಿದ್ದಿದ್ದರೆ ಗಾಣಗಾಪುರದಿಂದ ವಾಪಸು ಕರೆತರುತ್ತಲೇ ಇರಲಿಲ್ಲವೇನೋ.

ಅವ್ವನಿಗೆ ಇದನ್ನೆಲ್ಲ ಹೇಳಲು ಹೋದೆ. ಸೇತುವೆ, ಎಳೆ ಅಂತ ಶುರು ಮಾಡಿದರೆ ಅವಳು ಕೇಳಿದ್ದು ಒಂದೇ. "ಅಂದ್ರ ತಾಟು ಅಂವ ನೂಕಿಲ್ಲ?" ಇಲ್ಲ ಅಂದೆ. ಮರುದಿನ ಊಟಕ್ಕೆ ಅವನ ಎಡಗಡೆಗೇ ಕೂತಳು. ಕೈ ಮುಂದೆ ಬಂತು. ಅದನ್ನು ಹಿಡಿದು ತನ್ನ ತೊಡೆ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಪಲ್ಯ ಬಡಿಸಿದಳು. ಮಗಳ ಮುಂದೆ ಗಂಡನ ಕೈ ಹಿಡಿದುಕೊಂಡು ಕೂತದ್ದಕ್ಕೆ ನಾಚಿಕೆಯೂ ಆಗಿತ್ತು, ಮುಖ ಎತ್ತಲಿಲ್ಲ.

ಇದಕ್ಕೆ ಅಂತಲೇ ಗುಳಿಗೆ ಇಲ್ಲ. ಬಿಪಿಗೆ ಒಂದು, ರಕ್ತ ಹೆಪ್ಪುಗಟ್ಟದ ಹಾಗೆ ಒಂದು, ಅಷ್ಟೇ. ಲಕ್ವಾದಿಂದ ಬಂದದ್ದು ಬಹಳ ಮಂದಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಅಲ್ಲಿಯ ತನಕ ಕೈಗೆ ಏನಾದರೂ ಕೆಲಸ ಕೊಡಿ ಅಂದಿದ್ದರು ಡಾಕ್ಟರು. ಸ್ಪಂಜಿನ ಚೆಂಡು ತಂದೆ, ಅಪ್ಪನಿಗೆ ಸೇರಲಿಲ್ಲ. ಹುಡುಗರ ಆಟ ಅಂದ. ಕೊನೆಗೆ ಅವ್ವ ಹಳೇ ರವಿಕೆಯ ತುಂಡಿನಲ್ಲಿ ಒಂದು ಚೀಲ ಹೊಲಿದಳು, ಮುಷ್ಟಿಗೆ ಸರಿಯಾಗಿ. ಒಳಗೆ ತೊಗರಿ ಕಾಳು. ಗಂಜ್‌ನಲ್ಲಿ ಚೀಲಕ್ಕೆ ಕೈ ಹಾಕಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿ ಅಭ್ಯಾಸವಾದ ಕೈ ಅದು. ಚೀಲ ಸಿಕ್ಕಿದ್ದೇ ಹೆಬ್ಬೆರಳು ಕಾಳನ್ನು ಆಚೆಗೆ ಈಚೆಗೆ ಉರುಳಿಸುತ್ತ ಕೂತಿತು. ಎರಡು ಸಲ ದಾರ ಬಿಚ್ಚಿ ಹಾಸಿಗೆ ತುಂಬ ತೊಗರಿ ಚೆಲ್ಲಿತು. ಅವ್ವ ಮೂರನೇ ಸಲ ಬಾಯಿ ಹೊಲಿದೇ ಬಿಟ್ಟಳು.

ಮುಂದಿನ ತಿಂಗಳು ತೋರಿಸಲು ಮತ್ತೆ ಆಟೋ. ಮತ್ತೆ ಎಂಬತ್ತು ರೂಪಾಯಿ. ಅಪ್ಪ ಬಲಗೈಯಿಂದ ನೋಟು ಕೊಟ್ಟ. ನಾನು ಅವನ ಎಡಗೈಯನ್ನೇ ನೋಡುತ್ತಿದ್ದೆ. ಅದು ಚೀಲವನ್ನು ಒಮ್ಮೆ ಗಟ್ಟಿಯಾಗಿ ಹಿಸುಕಿತು, ಅಷ್ಟೇ. ಚಿಲ್ಲರೆ ಕೊಡುತ್ತ ಆಟೋದವನು ಕೇಳಿದ, "ಏನದ್ರಿ ಕಾಕಾ ಚೀಲದಾಗ?"

"ತೊಗರಿ ಸ್ಯಾಂಪಲ್."

"ಹೌದೇನ್ರಿ? ಏನ್ ರೇಟ್ ನಡ್ದದ್ರಿ ಈಗ?"

ಅಪ್ಪ ನನ್ನ ಮುಖ ನೋಡಿದ. ಗಂಜ್ ಕಡೆ ಹೋಗಿ ಎರಡು ತಿಂಗಳಾಗಿತ್ತು. ದವಾಖಾನೆ ಮೆಟ್ಟಿಲು ಹತ್ತುವ ಮೊದಲು ಅಂಗಡಿಗೆ ಫೋನ್ ಹಚ್ಚಲು ಹೇಳಿದ. ಆಟೋದವನೂ ರೇಟು ಕೇಳಿಕೊಂಡೇ ಹೋದ.