3 ಲಕ್ಷ ಉಲ್ಲೇಖಗಳ ಪ್ರಬಂಧ, 5 ಸಾವಿರದ ಪ್ರಬಂಧ

ಸಂಶೋಧಕರ ಪ್ರಕಟಣೆಗಳನ್ನು ಓದಿ ಅಭಿಪ್ರಾಯ ಬರೆದುಕೊಡುವ ಕೆಲಸ ವರ್ಷಕ್ಕೆ ಎರಡು ಮೂರು ಬಾರಿ ನನ್ನ ಪಾಲಿಗೆ ಬರುತ್ತದೆ. ಈ ಸಲ ಬಂದದ್ದು ಒಬ್ಬ ಆಣ್ವಿಕ ಜೀವವಿಜ್ಞಾನಿಯ ಕಡತ. ಒಟ್ಟು ಪ್ರಬಂಧಗಳು, ಒಟ್ಟು ಉಲ್ಲೇಖಗಳು (ಬೇರೆ ಪ್ರಬಂಧಗಳು ಅವನ್ನು ಆಧಾರವಾಗಿ ಹೆಸರಿಸಿದ ಸಲಗಳು), ಇವೆರಡನ್ನೂ ಬೆರೆಸಿದ ಎಚ್-ಇಂಡೆಕ್ಸ್ ಎಂಬ ಮೂರು ಅಂಕಿಗಳು ಮೊದಲ ಪುಟದಲ್ಲೇ ದಪ್ಪಕ್ಷರಗಳಲ್ಲಿದ್ದವು. ಪ್ರಬಂಧಗಳ ಹೆಸರು ನೋಡಬೇಕಾದರೆ ನಾಲ್ಕನೆಯ ಪುಟಕ್ಕೆ ಹೋಗಬೇಕಿತ್ತು. ನಾನು ನಾಲ್ಕನೆಯ ಪುಟದಿಂದಲೇ ಓದಲು ತೊಡಗಿದೆ.

ಇದಕ್ಕೆ ಕಾರಣ ಈ ಕ್ಷೇತ್ರದ ಚರಿತ್ರೆಯಲ್ಲೇ ಇದೆ. 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ದ್ರಾವಣವೊಂದರಲ್ಲಿ ಎಷ್ಟು ಪ್ರೋಟೀನ್ ಇದೆ ಎಂಬುದನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದರು. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ 100 ಪ್ರಬಂಧಗಳ ಪಟ್ಟಿ ಮಾಡಿದಾಗ 3 ಲಕ್ಷಕ್ಕೂ ಮೀರಿದ ಉಲ್ಲೇಖಗಳೊಂದಿಗೆ ಮೊದಲ ಸ್ಥಾನದಲ್ಲಿದ್ದದ್ದು ಇದೇ ಪ್ರಬಂಧ. ಎರಡನೆಯದು ಲೆಮ್ಲಿಯವರ 1970ರ ಪ್ರಬಂಧ. ಅದರ ಶೀರ್ಷಿಕೆ ಟಿ4 ಎಂಬ ಬ್ಯಾಕ್ಟೀರಿಯಾಭಕ್ಷಕ ವೈರಸ್ಸಿನ ತಲೆಭಾಗದ ಜೋಡಣೆಯನ್ನು ಕುರಿತದ್ದು. ಆದರೆ ಜನ ಅದನ್ನು ಉಲ್ಲೇಖಿಸಿದ್ದು ಜೆಲ್‌ನಲ್ಲಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ವಿಧಾನಕ್ಕಾಗಿ. ಮೂರನೆಯದಾದ ಬ್ರಾಡ್‌ಫರ್ಡ್‌ರ 1976ರ ಪ್ರಬಂಧವೂ ಪ್ರೋಟೀನ್ ಅಳೆಯುವ ವಿಧಾನವೇ. ಆ ನೂರರ ಸಾಲಿಗೆ ಸೇರಲು 12 ಸಾವಿರಕ್ಕಿಂತ ಹೆಚ್ಚು ಉಲ್ಲೇಖಗಳು ಬೇಕಿದ್ದವು. ಡಿಎನ್‌ಎಯ ಜೋಡಿಸುರುಳಿ ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್‌ರ 1953ರ ಪ್ರಬಂಧಕ್ಕೆ ಆಗ ಇದ್ದದ್ದು ಸುಮಾರು 5 ಸಾವಿರ.

ಹಾಗೆಂದು ಉಲ್ಲೇಖಗಳ ಎಣಿಕೆ ಸುಳ್ಳು ಹೇಳುತ್ತದೆ ಎನ್ನಲಾಗದು. ಅದು ಬೇರೆಯೇ ಒಂದು ಪ್ರಶ್ನೆಗೆ ಉತ್ತರಿಸುತ್ತಿದೆ. ಪ್ರೋಟೀನ್ ಅಳೆದವರೆಲ್ಲರೂ ಯಾವ ವಿಧಾನದಿಂದ ಅಳೆದೆವು ಎಂಬುದನ್ನು ಬರೆಯಲೇಬೇಕು, ಆದ್ದರಿಂದ ಆ ವಿಧಾನದ ಲೆಕ್ಕ ಏರುತ್ತಲೇ ಹೋಗುತ್ತದೆ. ಜೋಡಿಸುರುಳಿಯಾದರೋ ಪಠ್ಯಪುಸ್ತಕ ಸೇರಿ ಎಲ್ಲರ ಸೊತ್ತಾಯಿತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನಲು ಯಾರೂ ಆಧಾರ ಕೊಡುವುದಿಲ್ಲವಲ್ಲ! ತಮ್ಮದು ಮಹತ್ತಾದ ಪ್ರಬಂಧವೇನಲ್ಲ ಎಂದು ಸ್ವತಃ ಲೌರಿಯವರೇ ಒಪ್ಪಿಕೊಂಡಿದ್ದರು, ಒಳಗೊಳಗೇ ಖುಷಿಪಡುತ್ತಿದ್ದರೆಂಬುದು ಬೇರೆ ಮಾತು.

ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಒಬ್ಬರ 20 ಪ್ರಬಂಧಗಳು ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡಿದ್ದು, 21 ಪ್ರಬಂಧಗಳು ತಲಾ 21 ಬಾರಿ ಉಲ್ಲೇಖಗೊಂಡಿಲ್ಲದಿದ್ದರೆ ಅವರ ಸೂಚ್ಯಂಕ 20. ಒಂದೇ ಪ್ರಬಂಧದ ಅಬ್ಬರಕ್ಕೆ ಇದು ಮರುಳಾಗುವುದಿಲ್ಲ ಎಂಬುದು ಇದರ ಗುಣ. ಬರೆದ ಪ್ರಬಂಧಗಳ ಸಂಖ್ಯೆಯನ್ನು ಎಂದೂ ದಾಟಲಾರದು, ವಯಸ್ಸಾದಂತೆ ಏರಬಲ್ಲದೇ ಹೊರತು ಇಳಿಯಲಾರದು ಎಂಬುದು ಇದರ ಮಿತಿ. ಒಂದೇ ವ್ಯಕ್ತಿಗೆ ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಉಲ್ಲೇಖ ಎಣಿಸುವ ದತ್ತಸಂಚಯಗಳು ಮೂರೂ ಮೂರು ಸಂಖ್ಯೆ ತೋರಿಸುವುದು ಸಾಮಾನ್ಯ, ಏಕೆಂದರೆ ಒಂದೊಂದೂ ಎಣಿಸುವ ಪತ್ರಿಕೆಗಳ ವ್ಯಾಪ್ತಿ ಬೇರೆ.

ಇದಕ್ಕಿಂತ ಹೆಚ್ಚಿನ ಗೊಂದಲ ಹೆಸರುಗಳ ಸಾಲಿನಲ್ಲಿದೆ. ಆಣ್ವಿಕ ಜೀವವಿಜ್ಞಾನದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಪ್ರಯೋಗಗಳ ಬಹುಪಾಲನ್ನು ಕೈಯಾರೆ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ನಡುವಿನವರ ಪಾಲು ಪ್ರಯೋಗಾಲಯದಲ್ಲಿ ಬೆಳೆಸಿಕೊಂಡು ಬಂದ ಒಂದು ಕೋಶಸಾಲನ್ನು ಕೊಟ್ಟದ್ದೂ ಆಗಿರಬಹುದು, ದತ್ತಾಂಶ ವಿಶ್ಲೇಷಣೆಯ ಇಡೀ ಹೊರೆ ಹೊತ್ತದ್ದೂ ಆಗಿರಬಹುದು. 2001ರ ಮಾನವ ಜೀನೋಮ್ ಪ್ರಬಂಧದಂತಹ ಬೃಹತ್ ಕೂಟಗಳ ಪ್ರಕಟಣೆಯಲ್ಲಿ ಹೆಸರಿದ್ದರೆ ಒಟ್ಟು ಮೊತ್ತಕ್ಕೆ ಸಾವಿರಗಟ್ಟಲೆ ಉಲ್ಲೇಖಗಳು ಒಮ್ಮೆಗೇ ಸೇರುತ್ತವೆ, ಎಣಿಸುವ ಯಂತ್ರಕ್ಕೆ ಪಾಲಿನ ಗಾತ್ರ ತಿಳಿಯದು.

ಕಾಲವೂ ಲೆಕ್ಕ ಕೆಡಿಸುತ್ತದೆ. ಕತಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರು ಪ್ರೋಟೀನ್ ತಯಾರಿಕೆಯ ಸೂಚನೆ ಹೊರುವ ಅಣುವಾದ ಎಂಆರ್‌ಎನ್‌ಎಯ ನ್ಯೂಕ್ಲಿಯೊಸೈಡ್‌ಗಳೆಂಬ ಘಟಕಗಳನ್ನು ಮಾರ್ಪಡಿಸಿದರೆ ದೇಹದ ಸಹಜ ರಕ್ಷಣಾ ವ್ಯವಸ್ಥೆ ಅದರ ವಿರುದ್ಧ ಕೆರಳುವುದು ಕಡಿಮೆಯಾಗುತ್ತದೆ ಎಂದು ತೋರಿಸಿದ್ದು 2005ರಲ್ಲಿ. ಆಗ ಅದಕ್ಕೆ ದೊರೆತ ಗಮನ ಅಷ್ಟಕ್ಕಷ್ಟೆ. ಎಂಆರ್‌ಎನ್‌ಎ ಬಳಸಿದ ಕೋವಿಡ್ ಲಸಿಕೆಗಳು ಬಂದ ಮೇಲೆ ಜಗತ್ತು ಆ ಪ್ರಬಂಧವನ್ನು ಹುಡುಕಿಕೊಂಡು ಹೋಯಿತು, 2023ರಲ್ಲಿ ನೊಬೆಲ್ ಬಂತು. 2010ರಲ್ಲಿ ಕುಳಿತು ಕಡತ ನೋಡಿದ ಯಾವ ಸಮಿತಿಗೂ ಬರೀ ಅಂಕಿಗಳಿಂದ ಇದರ ಸುಳಿವು ಸಿಗುತ್ತಿರಲಿಲ್ಲ.

ನನ್ನ ಮುಂದಿದ್ದ ಕಡತದಲ್ಲಿ ಒಟ್ಟು ಉಲ್ಲೇಖಗಳ ಅರ್ಧಕ್ಕಿಂತ ಹೆಚ್ಚು ಎರಡು ವಿಮರ್ಶಾ ಲೇಖನಗಳಿಂದ ಬಂದಿದ್ದವು. ಅಂಥ ಲೇಖನಗಳು ಹೊಸ ಪ್ರಯೋಗವನ್ನು ಹೇಳದೆ ಹಿಂದಿನವನ್ನು ಒಂದೆಡೆ ಸೇರಿಸುವುದರಿಂದ ಉಲ್ಲೇಖಿಸುವವರಿಗೆ ಅನುಕೂಲ, ಅವಕ್ಕೆ ಬೇಡಿಕೆ ಸಹಜವಾಗಿಯೇ ಹೆಚ್ಚು. ನಾನು ಹೆಚ್ಚು ಹೊತ್ತು ಕಳೆದದ್ದು ಅವರದೇ ಹೆಸರು ಮೊದಲಿದ್ದ, ಕೇವಲ 31 ಉಲ್ಲೇಖಗಳ ಒಂದು ಪ್ರಬಂಧದೊಂದಿಗೆ. ಅದನ್ನು ಉಲ್ಲೇಖಿಸಿದವರಲ್ಲಿ ನಾಲ್ಕು ಬೇರೆ ಬೇರೆ ತಂಡಗಳು ಅದರ ಫಲಿತಾಂಶವನ್ನು ತಮ್ಮಲ್ಲಿ ಮತ್ತೆ ಪಡೆದುಕೊಂಡು ಅಲ್ಲಿಂದ ಮುಂದುವರಿದಿದ್ದವು. ಅಭಿಪ್ರಾಯಪತ್ರದ ಮುಕ್ಕಾಲು ಭಾಗ ಅದರ ಬಗ್ಗೆಯೇ ಬರೆದೆ. ನಮೂನೆಯಲ್ಲಿ ಎಚ್-ಇಂಡೆಕ್ಸ್‌ಗೆಂದು ಇದ್ದ ಚೌಕದಲ್ಲಿ ಸಂಖ್ಯೆಯನ್ನು ತುಂಬಿ, ಅದು ಯಾವ ದತ್ತಸಂಚಯದಿಂದ ಯಾವ ದಿನ ತೆಗೆದದ್ದು ಎಂಬುದನ್ನೂ ಪಕ್ಕದಲ್ಲಿ ನಮೂದಿಸಿದೆ.