ಇಂಗ್ಲಿಷಿಗೂ ಒಂದು ಕರುಳಿತ್ತು

ಬೆಳಿಗ್ಗೆ ಅಮ್ಮ ಫೋನಿನಲ್ಲಿ, 'ಪಕ್ಕದ ಮನೆ ಮಗು ಅಳೋದು ಕೇಳಿ ಕರುಳು ಚುರ್ ಅಂತು ಕಣೋ' ಅಂದರು. ಆಗ ನೆನಪಾಗಿದ್ದು ಇಂಗ್ಲಿಷಿನ 'ಬವೆಲ್ಸ್', ಅಂದರೆ ಕರುಳು. ಈಗ ಆ ಪದ ಜಾಸ್ತಿ ಕೇಳಿಸುವುದು ಡಾಕ್ಟರ ಬಾಯಲ್ಲಿ. ಹಿಂದೆ ಅದಕ್ಕೆ ಕನಿಕರ, ಮರುಕ ಅನ್ನುವ ಅರ್ಥವೂ ಇತ್ತು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಯೋಸೇಫ ತಮ್ಮನನ್ನು ಕಂಡಾಗ ಮಿಡಿಯುವುದು ಕರುಳೇ. ಕೆಲವು ಹೊಸ ಅನುವಾದಗಳಲ್ಲಿ ಅದನ್ನು ತೆಗೆದು 'ಹಾರ್ಟ್' ಹಾಕಿದ್ದಾರೆ. ಸಪ್ಪೆ ಅನಿಸುತ್ತೆ, ಅಲ್ವಾ?

1650ರಲ್ಲಿ ಇಂಗ್ಲೆಂಡಿನ ಸೇನಾಪತಿ ಕ್ರಾಮ್‌ವೆಲ್ ಸ್ಕಾಟ್ಲೆಂಡಿನ ಚರ್ಚಿನವರಿಗೆ ಬರೆದಿದ್ದ: ಕ್ರಿಸ್ತನ ಕರುಳಿನ ಹೆಸರಲ್ಲಿ ಬೇಡುತ್ತೇನೆ, ನೀವು ತಪ್ಪಿರಲೂಬಹುದು ಅಂತ ಸ್ವಲ್ಪ ಯೋಚಿಸಿ. ಅವರು ಜಗ್ಗಲಿಲ್ಲ. ತಿಂಗಳೊಪ್ಪತ್ತಿನಲ್ಲೇ ಡನ್‌ಬಾರ್‌ನಲ್ಲಿ ಯುದ್ಧ ಆಯಿತು, ಗೆದ್ದವನು ಕ್ರಾಮ್‌ವೆಲ್. (ಕರುಳು ಅಂದವನೇ ಕತ್ತಿ ಹಿಡಿದ, ಬಿಡಿ.)

ತಮಾಷೆ ಏನೆಂದರೆ, 'ಬವೆಲ್ಸ್' ಪದದ ಮೂಲ ಲ್ಯಾಟಿನ್ನಿನ 'ಬೊಟೆಲ್ಲುಸ್'. ಅಂದರೆ (ಪ್ರಾಣಿಯ ಕರುಳಿಗೆ ಮಾಂಸ ತುಂಬಿ ಮಾಡುವ) ಪುಟ್ಟ ಸಾಸೇಜು! ಅಲ್ಲಿಂದ ಫ್ರೆಂಚಿಗೆ ಹೋಗಿ, ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. 'ಸುಮ್ನಿರೋ, ತಿಂಡಿ ಹೊತ್ತಲ್ಲಿ ಸಾಸೇಜು ಅಂತೆ' ಅಂದು ಫೋನಿಟ್ಟರು.