ಹಾಫ್ ಟಿಕೆಟ್

ರಾತ್ರಿ ಒಂದೂವರೆ. ಇತಿಹಾಸಕಾರ ರಾವುಲ್ ಹಿಲ್ಬರ್ಗ್ ಬಗ್ಗೆ ಓದುತ್ತಾ ಕೂತವಳಿಗೆ ನಿದ್ದೆ ಹಾರಿಹೋಗಿದೆ.

1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹುಡುಗ. 1939ರಲ್ಲಿ ಮನೆಯವರ ಜೊತೆ ಊರು ಬಿಟ್ಟು ಅಮೆರಿಕ ಸೇರಿದರು. ಆಮೇಲೆ ಸೈನಿಕರಾಗಿ ಯುರೋಪಿಗೆ ವಾಪಸ್ ಹೋದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಾಜಿಗಳು ನಡೆಸಿದ ಯಹೂದಿಗಳ ನರಮೇಧದ ಬಗ್ಗೆ ಸಂಶೋಧನೆ ಮಾಡ್ತೀನಿ ಅಂದಾಗ, ಇದರಿಂದ ನಿನ್ನ ಭವಿಷ್ಯವೇ ಮುಗಿದುಹೋಗುತ್ತೆ ಅಂತ ಗೈಡ್ ಫ್ರಾಂಜ್ ನಾಯ್ಮನ್ ಎಚ್ಚರಿಸಿದ್ದರು. ಆಗ ಆ ವಿಷಯ ಯಾರಿಗೂ ಬೇಕಿರಲಿಲ್ಲ. ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಬೇಡ ಅಂದರು. ಕೊನೆಗೆ ಪುಸ್ತಕ ಬಂದದ್ದು 1961ರಲ್ಲಿ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ 30 ವರ್ಷಕ್ಕೂ ಜಾಸ್ತಿ ಪಾಠ ಮಾಡುತ್ತಾ ಅದನ್ನೇ ತಿದ್ದಿದರು, ಬೆಳೆಸಿದರು.

ಅವರು ಹುಡುಕಿದ್ದು ಸುಮ್ನೆ ನಾಜಿ ನಾಯಕರ ಭಾಷಣಗಳನ್ನಲ್ಲ. ಆಫೀಸಿನ ಕಾಗದಗಳನ್ನು. ಅದರಲ್ಲೂ ರೈಲ್ವೆಯ ಲೆಕ್ಕ. ಕೊಲ್ಲಲು ಕ್ಯಾಂಪಿಗೆ ಸಾಗಿಸಿದ ಪ್ರತಿಯೊಬ್ಬ ಯಹೂದಿಯ ಲೆಕ್ಕಕ್ಕೂ ಜರ್ಮನ್ ರೈಲ್ವೆ ಕಿಲೋಮೀಟರ್ ಲೆಕ್ಕದಲ್ಲಿ ಚಾರ್ಜ್ ಹಾಕುತ್ತಿತ್ತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ. ನಾಲ್ಕು ವರ್ಷದೊಳಗಿನವರಿಗೆ ಉಚಿತ. ಕನಿಷ್ಠ 400 ಜನರಿದ್ದರೆ ಗುಂಪಿನ ರಿಯಾಯಿತಿ. ಕಾವಲುಗಾರರಿಗೆ ಹೋಗಿಬರುವ ಟಿಕೆಟ್. ಉಳಿದವರಿಗೆ ಹೋಗುವುದು ಮಾತ್ರ.

ಆ ಕೊನೆಯ ಸಾಲನ್ನು ಮೂರು ಸಲ ಓದಿದೆ.

ಯಾರೋ ಒಬ್ಬ ಗುಮಾಸ್ತ ಮೇಜಿನ ಮುಂದೆ ಕೂತು ಇದನ್ನೆಲ್ಲ ಕೂಡಿ ಬರೆದಿದ್ದಾನೆ, ಅಲ್ವಾ? ಅಂಥ ಹಾಳೆಗಳ ನಡುವೆ ಹಿಲ್ಬರ್ಗ್ ಇಡೀ ಜೀವಮಾನ ಕಳೆದರು. 2007ರಲ್ಲಿ ತೀರಿಕೊಂಡರು.

ನನ್ನ ಮಗಳಿಗೆ ಈಗ ಆರು. ಪಕ್ಕದಲ್ಲೇ ಕಾಲು ಚಾಚಿ ಮಲಗಿದ್ದಾಳೆ. ಈಗಷ್ಟೇ ಹೊದಿಕೆ ಸರಿಮಾಡಿದೆ.